ಮರದ ಮೈಯಿಂದ ಉಕ್ಕಿನ ಮೈಗೆ: ಅಮೆರಿಕದ ಸ್ಟೇಷನ್ ವ್ಯಾಗನ್‌ಗಳ ರೂಪ ಬೆಳೆದ ಬಗೆ

ಜನರನ್ನೂ ಸಾಮಾನನ್ನೂ ಒಂದೇ ಚಾವಣಿಯಡಿ ಒಯ್ಯುವ ಉದ್ದ ಕಾರಾದ ಸ್ಟೇಷನ್ ವ್ಯಾಗನ್‌ನ ಹಳೆಯ ಅಮೆರಿಕನ್ ಮಾದರಿಯೊಂದನ್ನು ಪಕ್ಕದಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು, ಹಿಂದಿನ ಚಕ್ರವನ್ನು ದಾಟಿ ಹಿಂಬಾಗಿಲಿನವರೆಗೂ ಚಾಚಿಕೊಂಡಿರುವ ಅದರ ಚಾವಣಿ. ಹಿಂದೆ ಪ್ರತ್ಯೇಕ ಡಿಕ್ಕಿಯಿರುವ ಸಾಮಾನ್ಯ ಕಾರು, ಅಂದರೆ ಸೆಡಾನ್ ರೂಪಿಸುವವರಿಗೆ ಚಾವಣಿಯನ್ನು ಡಿಕ್ಕಿಯ ಕಡೆಗೆ ಇಳಿಸಿ ಮುಗಿಸುವ ಅನುಕೂಲವಿತ್ತು. ವ್ಯಾಗನ್ ರೂಪಿಸುವವರಿಗೆ ಅದಿರಲಿಲ್ಲ. ಅಷ್ಟು ಉದ್ದದ ಚಾವಣಿಗೂ ನೇರವಾಗಿ ಕಡಿದಂತಿರುವ ಹಿಂಭಾಗಕ್ಕೂ ಚೆಲುವು ತರುವುದು ಹೇಗೆಂಬ ಪ್ರಶ್ನೆಯೇ ಈ ವಾಹನಗಳ ವಿನ್ಯಾಸದ ಇತಿಹಾಸ.

ಆರಂಭದಲ್ಲಿ ಚೆಲುವಿನ ಮಾತೇ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಇಳಿದವರನ್ನು ಅವರ ಪೆಟ್ಟಿಗೆಗಳ ಸಮೇತ ಕರೆದೊಯ್ಯಲು ಫೋರ್ಡ್ ಮಾಡೆಲ್ ಟಿ ಚಾಸಿಯ ಮೇಲೆ ಮರದ ಮೈಯನ್ನು ಕೂರಿಸಲಾಗುತ್ತಿತ್ತು. 1929ರಲ್ಲಿ ಫೋರ್ಡ್ ಕಂಪನಿಯೇ ಮಾಡೆಲ್ ಎ ವ್ಯಾಗನ್ ಅನ್ನು ಮಾರುಕಟ್ಟೆಗೆ ತಂದಿತು. ಉತ್ತರ ಮಿಷಿಗನ್ನಿನ ತನ್ನದೇ ಕಾಡಿನ ಮರವನ್ನು ಐರನ್ ಮೌಂಟನ್ ಕಾರ್ಖಾನೆಯಲ್ಲಿ ಕೊಯ್ದು, ಮೇಪಲ್ ಮರದ ಚೌಕಟ್ಟಿಗೆ ಬರ್ಚ್ ಹಲಗೆಗಳನ್ನು ಹೊಂದಿಸಲಾಗುತ್ತಿತ್ತು. ಇಲ್ಲಿ ಅಲಂಕಾರವೆಂದು ಪ್ರತ್ಯೇಕವಾಗಿ ಸೇರಿಸಿದ್ದು ಏನೂ ಇಲ್ಲ. ಭಾರ ಹೊರುವ ಚೌಕಟ್ಟೇ ಕಣ್ಣಿಗೆ ಕಾಣುತ್ತದೆ, ಅದೇ ಚೆಂದವಾಗಿಯೂ ಇದೆ. 1941ರ ಕ್ರೈಸ್ಲರ್ ಟೌನ್ ಅಂಡ್ ಕಂಟ್ರಿಯ ಹೊತ್ತಿಗೆ ಈ ಮರಗೆಲಸ ಸಿರಿವಂತಿಕೆಯ ಗುರುತಾಗಿತ್ತು.

ಆದರೆ ಮರಕ್ಕೆ ಮತ್ತೆ ಮತ್ತೆ ವಾರ್ನಿಷ್ ಬೇಕು, ಕೀಲುಗಳು ಸಡಿಲವಾಗುತ್ತವೆ, ತಯಾರಿಕೆಗೆ ಹೆಚ್ಚು ಕೈಗೆಲಸ ಹಿಡಿಯುತ್ತದೆ. ವಿನ್ಯಾಸಕ ಬ್ರೂಕ್ಸ್ ಸ್ಟೀವನ್ಸ್ ರೂಪಿಸಿದ 1946ರ ವಿಲ್ಲಿಸ್ ಜೀಪ್ ವ್ಯಾಗನ್ ಪೂರ್ತಿ ಉಕ್ಕಿನದು. ಆದರೂ ಮರದ ಚೌಕಟ್ಟು ನೆನಪಾಗುವಂತೆ ಅದಕ್ಕೆ ಬಣ್ಣ ಬಳಿದಿದ್ದರು. 1949ರಲ್ಲಿ ಪ್ಲಿಮತ್ ಸಬರ್ಬನ್ ಉಕ್ಕಿನ ಮೈಯ ವ್ಯಾಗನ್ ಅನ್ನು ಸಾಮಾನ್ಯ ಕುಟುಂಬಗಳ ಕೈಗೆಟುಕಿಸಿತು. 1953ರ ಬ್ಯೂಕ್ ಎಸ್ಟೇಟ್ ವ್ಯಾಗನ್‌ಗಳೊಂದಿಗೆ ಅಸಲಿ ಮರದ ವ್ಯಾಗನ್‌ಗಳ ಕಾಲ ಮುಗಿಯಿತು. ಅದಕ್ಕೂ ಮೊದಲೇ, 1952ರ ಫೋರ್ಡ್ ಕಂಟ್ರಿ ಸ್ಕ್ವೈರ್ ಉಕ್ಕಿನ ಮೈಗೆ ಮರದ ನಮೂನೆಯ ಹಾಳೆ ಅಂಟಿಸಿಕೊಂಡಿತ್ತು. ಈ ಹಾಳೆಯನ್ನು ಬರೀ ನಕಲಿ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಗಲವಾದ ಪಕ್ಕದ ಮೈಯನ್ನು ಗಾಢ ಬಣ್ಣದ ಪಟ್ಟಿಯೂ ಅದರ ಸುತ್ತಲಿನ ತಿಳಿ ಅಂಚೂ ಇಬ್ಭಾಗಿಸುವುದರಿಂದ ಇಡೀ ವಾಹನ ತಗ್ಗಾಗಿ, ಹಗುರಾಗಿ ತೋರುತ್ತದೆ.

ಮರದ ನೆನಪಿನ ಹಂಗಿಲ್ಲದೆ ಉಕ್ಕನ್ನು ಉಕ್ಕಾಗಿಯೇ ತೋರಿಸಿದ್ದು 1955ರ ಷೆವರ್ಲೆ ನೊಮ್ಯಾಡ್. ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್ ತನ್ನ ಕಾರುಗಳ ಪ್ರದರ್ಶನವಾದ ಮೋಟೊರಾಮಾದಲ್ಲಿ 1954ರಲ್ಲಿ, ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಮಾದರಿಯ ವ್ಯಾಗನ್ ಒಂದನ್ನು ಇಟ್ಟಿತ್ತು. ಹಾರ್ಲಿ ಅರ್ಲ್ ಮುಖ್ಯಸ್ಥರಾಗಿದ್ದ ಆ ಕಂಪನಿಯ ವಿನ್ಯಾಸ ವಿಭಾಗದಲ್ಲಿದ್ದ ಕಾರ್ಲ್ ರೆನರ್ ಅದರ ಚಾವಣಿಯನ್ನು ಸಾಮಾನ್ಯ ಷೆವರ್ಲೆಗೆ ಹೊಂದಿಸಿದರು. ಬಾಗಿಲಿನ ಹಿಂದಿನ ಅಗಲವಾದ ಕಂಬ ಮುಂದಕ್ಕೆ ಓರೆಯಾಗಿ ನಿಂತಿದೆ. ನಿಂತ ಕಾರಿಗೂ ಓಟದ ಭಾವ ತರುವುದು ಆ ಓರೆಯೇ. ಚಾವಣಿಯ ಹಿಂಭಾಗದ ಅಡ್ಡ ಗೀರುಗಳೂ ಹಿಂಬಾಗಿಲ ಮೇಲಿನ ಏಳು ಕ್ರೋಮ್ ಪಟ್ಟಿಗಳೂ ಉದ್ದವನ್ನು ಮರೆಮಾಚದೆ ಅದಕ್ಕೊಂದು ಲಯ ಕೊಡುತ್ತವೆ. ಎರಡೇ ಬಾಗಿಲು, ಹೆಚ್ಚು ಬೆಲೆ. ಹೀಗಾಗಿ ಸಂಸಾರಸ್ಥರು ಅತ್ತ ಸುಳಿದದ್ದು ಕಡಿಮೆ, ಮೂಲ ರೂಪ 1957ಕ್ಕೇ ನಿಂತಿತು. ನನ್ನ ಮಟ್ಟಿಗೆ ಇದಕ್ಕಿಂತ ಮಿಗಿಲಾದ ವ್ಯಾಗನ್ ಅಮೆರಿಕದಲ್ಲಿ ಬರಲಿಲ್ಲ.

ಮುಂದಿನವರ ಗಮನ ಬೆಳಕು ಮತ್ತು ಬಾಗಿಲುಗಳ ಕಡೆ ಹೊರಳಿತು. 1964ರ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್ ಚಾವಣಿಯನ್ನು ನಡುವೆ ಎತ್ತರಿಸಿ ಅಲ್ಲಿ ಗಾಜು ಕೂರಿಸಿತು. 1966ರ ಫೋರ್ಡ್ ವ್ಯಾಗನ್‌ಗಳ ಹಿಂಬಾಗಿಲು ಕೆಳಕ್ಕೂ ಮಡಚುತ್ತಿತ್ತು, ಪಕ್ಕಕ್ಕೂ ತೆರೆಯುತ್ತಿತ್ತು.

ವಾಹನಗಳು ಇಷ್ಟು ಇಂಧನಕ್ಕೆ ಕನಿಷ್ಠ ಇಷ್ಟು ದೂರ ಓಡಲೇಬೇಕೆಂಬ ಅಮೆರಿಕದ 1975ರ ಕಾಯ್ದೆಯ ಮಿತಿಗಳು 1978ರ ಮಾದರಿಗಳಿಂದ ಕಾರುಗಳಿಗೆ ಅನ್ವಯವಾದಾಗ ಇಂಥ ಭಾರಿ ವಾಹನಗಳಿಗೆ ಪೆಟ್ಟು ಬಿತ್ತು. 1984ರ ಮಾದರಿಯಾಗಿ ಬಂದ ಕ್ರೈಸ್ಲರ್‌ನ ಮಿನಿವ್ಯಾನ್‌ಗಳು, ಅಂದರೆ ಕುಟುಂಬಕ್ಕೆಂದು ಮಾಡಿದ ಎತ್ತರದ ಪುಟ್ಟ ವ್ಯಾನುಗಳು, ಲಘು ಟ್ರಕ್‌ಗಳ ಲೆಕ್ಕಕ್ಕೆ ಸೇರಿದ್ದರಿಂದ ಅವಕ್ಕೆ ಸಡಿಲ ಮಿತಿ ಸಾಕಾಯಿತು. ಕುಟುಂಬಗಳೂ ಅತ್ತ ಸರಿದವು. ಕಂಟ್ರಿ ಸ್ಕ್ವೈರ್ 1991ಕ್ಕೆ ಮುಗಿಯಿತು. 1996ರಲ್ಲಿ ಜನರಲ್ ಮೋಟರ್ಸ್ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಮತ್ತು ಷೆವರ್ಲೆ ಕಪ್ರೀಸ್ ವ್ಯಾಗನ್‌ಗಳ ತಯಾರಿಕೆಯನ್ನೂ ನಿಲ್ಲಿಸಿತು.