ತುಂಬೆಯಲ್ಲಿ 4 ಮೀಟರ್ ನೀರಿದೆ ಅಂದರೆ ಎಷ್ಟು ದಿನಕ್ಕೆ ಸಾಕು?

ಓದುಗರ ಪ್ರಶ್ನೆ: ಏಪ್ರಿಲ್ ಬಂತೆಂದರೆ ಪೇಪರಿನಲ್ಲಿ, ಮಂಗಳೂರಿಗೆ ನೀರು ಕೊಡುವ ತುಂಬೆ ಡ್ಯಾಮಿನ ನೀರಿನ ಮಟ್ಟ ಬರಲು ಶುರು. ಒಂದು ದಿನ 5 ಮೀಟರ್, ಇನ್ನೊಂದು ದಿನ 4 ಮೀಟರ್. ಅದನ್ನು ನೋಡಿ ಎಷ್ಟು ದಿನಕ್ಕೆ ನೀರಿದೆ ಎಂದು ಹೇಳಬಹುದೇ?

ಉತ್ತರ: ಆ ಒಂದು ಅಂಕಿಯಿಂದ ಹೇಳಲಾಗದು. ಹಿಂದಿನ ವಾರದ ಅಂಕಿಯೂ ಬೇಕು.

ಮೊದಲು ಒಂದು ಮಾತು. ತುಂಬೆಯದು ಕೆಆರ್‌ಎಸ್‌ನಂಥ ಜಲಾಶಯವಲ್ಲ. ನೇತ್ರಾವತಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಗೇಟು ತೆರೆದೇ ಇರುತ್ತದೆ, ನೆರೆ ನೀರೆಲ್ಲ ಸಮುದ್ರಕ್ಕೆ. ಮಳೆ ನಿಂತ ಮೇಲೆ ಗೇಟು ಹಾಕಿ, ಹರಿದು ಬರುವ ನೀರನ್ನು ಹಿಡಿಯುತ್ತಾರೆ. ಒಣ ಜಿಲ್ಲೆ ಚಿತ್ರದುರ್ಗದ ವಾಣಿವಿಲಾಸ ಸಾಗರ ಸುಮಾರು 30 ಟಿಎಂಸಿಯದು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,800 ಕೋಟಿ ಲೀಟರ್). 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆದರೂ ಒಂದು ವರ್ಷದ ನೀರು ಮುಂದಿನ ವರ್ಷಕ್ಕೆ ಉಳಿಯುತ್ತದೆ. ತುಂಬೆಯಲ್ಲಿ ಹಾಗಿಲ್ಲ. ಮಂಗಳೂರಿಗೆ ದಿನಕ್ಕೆ ಬೇಕಾದದ್ದು ಸುಮಾರು 16 ಕೋಟಿ ಲೀಟರ್. ಆ ಲೆಕ್ಕದಲ್ಲಿ ಒಂದೇ ಒಂದು ಟಿಎಂಸಿ ಇದ್ದರೆ ಆರು ತಿಂಗಳು ನಿಶ್ಚಿಂತೆ. ತುಂಬೆ ತುಂಬಿದರೂ ಅಷ್ಟು ನೀರು ನಿಲ್ಲುವುದಿಲ್ಲ! ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನ ಕಥೆ ಇದು.

ಈಗ ಮೀಟರಿನ ವಿಷಯ. ಮಂಗಳೂರಿನವರಿಗೆ ಐಸ್‌ಕ್ರೀಂ ಕೋನಿನ ಉದಾಹರಣೆ ಕೊಟ್ಟರೆ ಬೇಗ ತಲೆಗೆ ಹತ್ತುತ್ತದೆ, ಅಲ್ವಾ? ಕೋನಿನಲ್ಲಿ ಅರ್ಧ ಎತ್ತರಕ್ಕೆ ಐಸ್‌ಕ್ರೀಂ ಇದ್ದರೆ ಉಳಿದಿರುವುದು ಅರ್ಧವಲ್ಲ, ಎಂಟರಲ್ಲಿ ಒಂದು ಪಾಲು. ನದಿ ಪೂರಾ ಕೋನಿನ ಹಾಗಿಲ್ಲ, ನಿಜ. ಆದರೆ ಮಟ್ಟ ಇಳಿದಂತೆ ನೀರಿನ ಅಗಲವೂ ಕಡಿಮೆ, ಹಿಂದಕ್ಕೆ ನಿಂತ ಉದ್ದವೂ ಕಡಿಮೆ. ಹಾಗಾಗಿ ಮೇಲಿನ ಒಂದು ಮೀಟರಿನಲ್ಲಿರುವಷ್ಟು ನೀರು ಕೆಳಗಿನ ಒಂದು ಮೀಟರಿನಲ್ಲಿಲ್ಲ. ತಳದಲ್ಲಿ ಹೂಳು, ಮರಳು ಬೇರೆ. ಪಂಪಿಗೆ ಸಿಗದ ನೀರನ್ನೂ ಕಳೆಯಬೇಕು. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ 2019ರ ಬೇಸಿಗೆಯಲ್ಲಿ, ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಇಟ್ಟು ಎತ್ತಿ ತರಬೇಕಾಯಿತು.

ಹಾಗಾದರೆ ನೋಡಬೇಕಾದದ್ದು ಇಳಿಕೆ. ಸುಮ್ನೆ ಒಂದು ಲೆಕ್ಕ: ಕಳೆದ ಸೋಮವಾರ 4.50 ಮೀಟರ್, ಈ ಸೋಮವಾರ 4.15. ದಿನಕ್ಕೆ 5 ಸೆಂ.ಮೀ. ಇಳಿದಿದೆ. ಬಿಸಿಲಿಗೆ ಆರುವುದು ಇದರಲ್ಲಿ ಅರ್ಧ ಸೆಂ.ಮೀ.ನಷ್ಟು ಮಾತ್ರ. ಉಳಿದದ್ದು ನಾವು ಎಳೆದದ್ದು, ಮೇಲಿಂದ ಬಾರದೆ ಹೋದದ್ದು. ಮುಂದಿನ ವಾರ ಅದೇ ಪಂಪು, ಅದೇ ಹೊತ್ತು ಓಡಿದರೂ ಇಳಿಕೆ 6, 7 ಆಗಬಹುದು, ಪಾತ್ರ ಕಿರಿದಾಗುತ್ತದಲ್ಲ. ಇಳಿಕೆ ಏಕಾಏಕಿ ನಿಂತಿತೇ? ಮೇಲಿನ ಶಂಭೂರು ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದು, ಇಲ್ಲವೇ ಘಟ್ಟದ ಬುಡದಲ್ಲಿ ಮಳೆ ಬಂದಿರಬಹುದು.

ನಾನಂತೂ ಉಪ್ಪಿನಂಗಡಿಯ ಕಡೆ ಕಣ್ಣಿಡುತ್ತೇನೆ. ಕುಮಾರಧಾರಾ ನೇತ್ರಾವತಿಗೆ ಸೇರುವುದು ಅಲ್ಲಿ. ಅಲ್ಲಿ ಹರಿವು ನಿಂತರೆ ತುಂಬೆಗೆ ಒಳಹರಿವು ಹೆಚ್ಚುಕಡಿಮೆ ಮುಗಿಯಿತು. 2019ರ ಮೇಯಲ್ಲಿ ಇನ್ನೂ ಮೇಲಿನ ಧರ್ಮಸ್ಥಳದಲ್ಲೇ ನೀರಿಲ್ಲದೆ, ಪ್ರವಾಸ ಮುಂದೂಡಿ ಎಂದು ಭಕ್ತರಲ್ಲಿ ಕೇಳಿಕೊಂಡಿದ್ದರು. ಅದೇ ತಿಂಗಳು ಮಂಗಳೂರಿನಲ್ಲೂ ನೀರಿನ ರೇಷನ್ ಇತ್ತು.

ಇನ್ನು ದಿನ ಎಣಿಸುವಾಗ, ಮಳೆಗಾಲ ಶುರು ಎಂದು ತುಳುವರು ಲೆಕ್ಕ ಹಾಕುವ ಪತ್ತನಾಜೆಗೆ ನಿಲ್ಲಿಸಬೇಡಿ. ಮೇ ಕೊನೆಗೆ ನಾಲ್ಕು ಹನಿ ಬಿದ್ದರೆ ಒಣಗಿದ ನೆಲವೇ ಅದನ್ನು ಕುಡಿಯುತ್ತದೆ. ಜೂನ್ ಎರಡನೇ ವಾರದವರೆಗೆ ಎಣಿಸಿ.