ಅಸಾದ್ ಓಡಿಹೋದರು, ನಿರ್ಬಂಧ ಉಳಿಯಿತು

2024ರ ಡಿಸೆಂಬರ್ 8ರಂದು ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸಾದ್ ರಾಜಧಾನಿ ದಮಾಸ್ಕಸ್ ಬಿಟ್ಟು ಓಡಿಹೋಗಿ ಮಾಸ್ಕೋ ಸೇರಿದರು. ಸಿರಿಯಾದಲ್ಲಿ ಅಪ್ಪ, ಮಗ ಸೇರಿ 50 ವರ್ಷಕ್ಕೂ ಜಾಸ್ತಿ ನಡೆಸಿದ ಆಳ್ವಿಕೆ ಮುಗಿಯಿತು. ಆ ಆಳ್ವಿಕೆಯನ್ನು ಮಣಿಸಲು ಹೊರದೇಶಗಳು ಹೇರಿದ್ದ ಆರ್ಥಿಕ ನಿರ್ಬಂಧಗಳು ಮಾತ್ರ ಮುಗಿಯಲಿಲ್ಲ.

ಅಮೆರಿಕ 1979ರಲ್ಲೇ ಸಿರಿಯಾವನ್ನು ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಗೆ ಸೇರಿಸಿತ್ತು. 2011ರಲ್ಲಿ ಬೀದಿಗಿಳಿದ ಜನರ ಮೇಲೆ ಸರ್ಕಾರ ಗುಂಡು ಹಾರಿಸಿತು. ಆಮೇಲೆ ತೈಲ, ಬ್ಯಾಂಕು ಎಂದು ನಿರ್ಬಂಧಗಳು ಒಂದರ ಮೇಲೊಂದು ಬಂದವು. ಎಲ್ಲಕ್ಕಿಂತ ಬಿಗಿಯಾದದ್ದು ಸೀಸರ್ ಕಾಯ್ದೆ.

ಸೀಸರ್ ಅನ್ನೋದು ಸಿರಿಯಾದ ಒಬ್ಬ ಸೇನಾ ಫೋಟೋಗ್ರಾಫರ್‌ನ ಗುಪ್ತ ಹೆಸರು. ಜೈಲುಗಳಲ್ಲಿ ಸತ್ತವರ ಹೆಣಗಳ ಫೋಟೋ ತೆಗೆಯುವುದೇ ಆತನ ಕೆಲಸ. ಹೆಣಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಅಂಥ 50 ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ಆತ 2013ರಲ್ಲಿ ಕದ್ದು ಹೊರಗೆ ತಂದರು. ಮರುವರ್ಷ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತಾಗ, ನೀಲಿ ಜಾಕೆಟ್ಟಿನ ಟೋಪಿಯನ್ನು ಮುಖ ಕಾಣದಂತೆ ಎಳೆದುಕೊಂಡಿದ್ದರು. 2019ರಲ್ಲಿ ಬಂದ ಕಾಯ್ದೆಗೆ ಅವರದೇ ಹೆಸರು. ಸಿರಿಯಾ ಸರ್ಕಾರದ ಜೊತೆ ದೊಡ್ಡ ವ್ಯವಹಾರ ಮಾಡಿದರೆ ಬೇರೆ ದೇಶದ ಕಂಪನಿಗೂ ಪೆಟ್ಟು ಬೀಳುತ್ತಿತ್ತು. ಹಾಗಾಗಿ ಬ್ಯಾಂಕುಗಳು ಸಿರಿಯಾದ ಸಹವಾಸವೇ ಬೇಡ ಅಂದವು.

ಅಸಾದ್ ಬಿದ್ದ ಮೇಲೆ ಅಧಿಕಾರಕ್ಕೆ ಬಂದದ್ದು ಬಂಡುಕೋರರ ನಾಯಕ ಅಹ್ಮದ್ ಅಲ್ ಶರಾ. ಒಂದು ಕಾಲಕ್ಕೆ ಅಲ್ ಖೈದಾ ಜೊತೆಗಿದ್ದವರು. ಅವರ ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್ ಎಂದು ಅಮೆರಿಕ ಬಹುಮಾನ ಇಟ್ಟಿತ್ತು. ಡಿಸೆಂಬರ್ 20ರಂದು ಅಮೆರಿಕದ ರಾಜತಾಂತ್ರಿಕರು ದಮಾಸ್ಕಸ್‌ಗೇ ಹೋಗಿ ಅವರನ್ನು ಕಂಡರು, ಬಹುಮಾನ ಕೈಬಿಟ್ಟೆವು ಎಂದರು. ತಲೆಗೆ ಬೆಲೆ ಕಟ್ಟಿ, ಎದುರಿಗೇ ಕೂತು ಮಾತಾಡೋದು ಕಷ್ಟ ಅಲ್ವಾ?

2025ರ ಮೇ ತಿಂಗಳಲ್ಲಿ ಟ್ರಂಪ್ ರಿಯಾದ್‌ನಲ್ಲಿ ನಿರ್ಬಂಧ ತೆಗೆಯುವುದಾಗಿ ಘೋಷಿಸಿದರು. ಅದೇ ತಿಂಗಳು ಯುರೋಪಿಯನ್ ಒಕ್ಕೂಟವೂ ಆರ್ಥಿಕ ನಿರ್ಬಂಧ ತೆಗೆಯಿತು. ಆದರೆ ಸೀಸರ್ ಕಾಯ್ದೆ ಸಂಸತ್ತು ಮಾಡಿದ್ದು. ಅಧ್ಯಕ್ಷರು ಕೊಡಬಹುದಾಗಿದ್ದು 180 ದಿನಗಳ ವಿನಾಯಿತಿ ಮಾತ್ರ. ಆರು ತಿಂಗಳ ಭರವಸೆ ನಂಬಿ ವಿದ್ಯುತ್ ಸ್ಥಾವರ ಕಟ್ಟಲು ಯಾರು ದುಡ್ಡು ಹಾಕುತ್ತಾರೆ? ಈ ಮಧ್ಯೆ ಮಾರ್ಚ್‌ನಲ್ಲಿ ಕರಾವಳಿಯ ಅಲವಿ ಎಂಬ ಅಲ್ಪಸಂಖ್ಯಾತ ಪಂಗಡದವರ, ಜುಲೈನಲ್ಲಿ ದಕ್ಷಿಣದ ಸುವೈದಾದಲ್ಲಿ ದ್ರೂಸ್ ಎಂಬ ಇನ್ನೊಂದು ಅಲ್ಪಸಂಖ್ಯಾತ ಪಂಗಡದವರ ಹತ್ಯೆಗಳು ನಡೆದು, ಹೊಸ ಸರ್ಕಾರವನ್ನು ನಂಬದವರ ಮಾತಿಗೆ ಬಲ ಬಂತು.

ಕೊನೆಗೆ ಡಿಸೆಂಬರ್‌ನಲ್ಲಿ, ರಕ್ಷಣಾ ಮಸೂದೆಯೊಳಗೆ ಸೇರಿಸಿ ಕಾಯ್ದೆಯನ್ನು ರದ್ದು ಮಾಡಲಾಯಿತು. ಅಲ್ಪಸಂಖ್ಯಾತರ ಸ್ಥಿತಿ ಹೇಗಿದೆ ಎಂಬುದೂ ಸೇರಿ, ನಾಲ್ಕು ವರ್ಷ ಅಮೆರಿಕದ ಅಧ್ಯಕ್ಷರು ಆಗಾಗ ಸಂಸತ್ತಿಗೆ ವರದಿ ಕೊಡುತ್ತಿರಬೇಕು ಎಂಬ ಮಾತೂ ಅದರಲ್ಲಿತ್ತು. 1979ರ ಆ ಪಟ್ಟಿಯಲ್ಲಿ ಸಿರಿಯಾದ ಹೆಸರು ಆಗಲೂ ಹಾಗೇ ಇತ್ತು.