ಯುಪಿಐನಲ್ಲಿ ಶೇ 30ರ ಮಿತಿ: ಹಾಕಿದ್ದು 2020ರಲ್ಲಿ, ಇನ್ನೂ ಕಾಯುತ್ತಲೇ ಇದೆ

2020ರ ನವೆಂಬರ್ 5ರಂದು ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ, ಒಂದೇ ದಿನ ಎರಡು ತೀರ್ಮಾನ ಪ್ರಕಟಿಸಿತು. ವಾಟ್ಸ್‌ಆ್ಯಪ್‌ಗೆ ಯುಪಿಐ ಸೇವೆ ಕೊಡಲು ಒಪ್ಪಿಗೆ ಸಿಕ್ಕಿತು, ಅದೂ ಮೊದಲಿಗೆ 2 ಕೋಟಿ ಬಳಕೆದಾರರಿಗೆ ಮಾತ್ರ. ಜೊತೆಗೆ, ಒಟ್ಟು ಯುಪಿಐ ವಹಿವಾಟುಗಳಲ್ಲಿ ಯಾವುದೇ ಒಂದು ಆ್ಯಪ್‌ನ ಪಾಲು ಶೇ 30 ದಾಟಬಾರದು ಎಂಬ ನಿಯಮವೂ ಬಂತು.

ನಿಯಮ ಒಳ್ಳೆಯದೇ. ಆದರೆ ಬಂದದ್ದು ತಡವಾಗಿ.

ಯುಪಿಐ ಶುರುವಾದದ್ದು 2016ರಲ್ಲಿ. ಹಣ ಇರುವುದು ಬ್ಯಾಂಕಿನಲ್ಲಿ, ಆ್ಯಪ್ ಬರೀ ಬಾಗಿಲು. ಆದರೆ ಜನ ದಿನಾ ನೋಡುವುದು ಬಾಗಿಲನ್ನೇ, ಅಲ್ವಾ? ಬೆಂಗಳೂರಿನ ಫೋನ್‌ಪೇಯನ್ನು ಫ್ಲಿಪ್‌ಕಾರ್ಟ್ ಅದೇ ವರ್ಷ ಕೊಂಡಿತ್ತು. 2018ರಲ್ಲಿ ಫ್ಲಿಪ್‌ಕಾರ್ಟೇ ವಾಲ್‌ಮಾರ್ಟ್ ಕೈಗೆ ಹೋಯಿತು. ಗೂಗಲ್ 2017ರ ಸೆಪ್ಟೆಂಬರ್‌ನಲ್ಲಿ ತೇಜ್ ತಂದು, ಮರುವರ್ಷ ಗೂಗಲ್ ಪೇ ಎಂದು ಹೆಸರು ಬದಲಿಸಿತು. ಕ್ಯಾಶ್‌ಬ್ಯಾಕ್, ಸ್ಕ್ರ್ಯಾಚ್ ಕಾರ್ಡ್ ಹಂಚಿ ಜನರನ್ನು ಸೆಳೆಯುವ ಶಕ್ತಿ ಇವರಿಗಿತ್ತು.

2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವುದನ್ನು ಸರ್ಕಾರ ನಿಲ್ಲಿಸಿತು. ಅಂಗಡಿಯವರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಪಾವತಿಯಲ್ಲೇ ಆದಾಯ ಹುಡುಕಬೇಕಿದ್ದ ಸಣ್ಣ ಆ್ಯಪ್‌ಗಳಿಗೆ ಬದುಕುವ ದಾರಿ ಕಿರಿದಾಯಿತು. ಬೇರೆ ವ್ಯಾಪಾರದ ಹಣವಿರುವವರು ಮಾತ್ರ ವರ್ಷಗಟ್ಟಲೆ ತಾಳಿಕೊಳ್ಳಬಲ್ಲರು. ಒಂದು ಕೈಯಲ್ಲಿ ದೊಡ್ಡವರಿಗೆ ಮಿತಿ, ಇನ್ನೊಂದು ಕೈಯಲ್ಲಿ ದೊಡ್ಡವರಿಗಷ್ಟೇ ಒಗ್ಗುವ ಲೆಕ್ಕ. ಎರಡೂ ಅದೇ ವರ್ಷ ಬಂದವು.

ಇನ್ನೊಂದು ಕಡೆಯಿಂದ, ಮಾರುಕಟ್ಟೆಯಲ್ಲಿ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ ಕೈ ಹಾಕಿತು. 2020ರ ನವೆಂಬರ್ 9ರಂದು ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ಪ್ಲೇ ಸ್ಟೋರ್‌ನಲ್ಲಿ ಗೂಗಲ್ ಪೇ ಬಳಸಿದರೆ ಆ್ಯಪ್ ನೇರವಾಗಿ ತೆರೆದುಕೊಳ್ಳುತ್ತಿತ್ತು. ಬೇರೆ ಯುಪಿಐ ಆ್ಯಪ್ ಬಳಸುವವರು ತಮ್ಮ ಐಡಿ ಟೈಪ್ ಮಾಡಿ, ಹಣ ಕೇಳುವ ಸಂದೇಶಕ್ಕೆ ಕಾಯಬೇಕಿತ್ತು. ನೋಡಲು ಸಣ್ಣ ವ್ಯತ್ಯಾಸ. ಆದರೆ ಅಂಗಡಿಯ ಮಾಲೀಕನೇ ಪಾವತಿಯ ಆ್ಯಪನ್ನೂ ನಡೆಸಿದಾಗ ಪೈಪೋಟಿ ಹೀಗೇ ಸಾಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಪ್ಲೇ ಸ್ಟೋರ್ ಬಿಲ್ಲಿಂಗ್ ನಿಯಮಗಳನ್ನೂ ಸೇರಿಸಿ ಆಯೋಗ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು.

ಅಷ್ಟರಲ್ಲಿ, ಶೇ 30ರ ಮಿತಿಯೊಳಗೆ ಬರಲು ದೊಡ್ಡ ಆ್ಯಪ್‌ಗಳಿಗೆ ಕೊಟ್ಟಿದ್ದ ಗಡುವು ಮುಂದೆ ಹೋಗುತ್ತಲೇ ಇತ್ತು. ಮೊದಲು 2024ರ ಕೊನೆಗೆ, ಆಮೇಲೆ 2026ರ ಡಿಸೆಂಬರ್ 31ಕ್ಕೆ. ಕಾರಣ ಅರ್ಥವಾಗುವಂಥದ್ದೇ. ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಶೇ 80ಕ್ಕಿಂತ ಹೆಚ್ಚು ವಹಿವಾಟು ಹಿಡಿದಿದ್ದವು. ಮಿತಿ ಜಾರಿಯಾದರೆ ಯಾರಿಗೆ ಇಲ್ಲ ಎನ್ನುವುದು? ಹೊಸ ಗ್ರಾಹಕರಿಗೋ, ತರಕಾರಿ ಕೊಂಡು ದುಡ್ಡು ಕೊಡಲು ನಿಂತವರಿಗೋ? 2024ರ ಜನವರಿಯಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದ ಮೇಲಂತೂ ಮೂರನೆಯ ಸ್ಥಾನದಲ್ಲಿದ್ದ ಪೇಟಿಎಂ ಆ್ಯಪ್ ಕೂಡ ಸೊರಗಿತು.

ಪಾವತಿಯಲ್ಲಿ ಲಾಭ ಇಲ್ಲದಿದ್ದರೂ ಈ ಕಂಪನಿಗಳು ಬಿಡದಿರಲು ಕಾರಣವಿದೆ. ಅದೇ ಆ್ಯಪ್‌ನಲ್ಲಿ ಸಾಲ, ವಿಮೆ, ಹೂಡಿಕೆ ಮಾರಬಹುದು. ಅಲ್ಲಿ ಯಾರ ಸಾಲ ಮೊದಲು ಕಾಣಬೇಕು ಎನ್ನುವುದನ್ನು ಆ್ಯಪ್ ತೀರ್ಮಾನಿಸುತ್ತದೆ. ಶೇ 30ರ ಮಿತಿ ಎಣಿಸುವುದು ಪಾವತಿಗಳನ್ನು ಮಾತ್ರ. ದೊಡ್ಡ ಡಿಜಿಟಲ್ ಕಂಪನಿಗಳು ತಮ್ಮದೇ ಸೇವೆಗೆ ಮಣೆ ಹಾಕುವುದನ್ನು ಮೊದಲೇ ತಡೆಯುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಪ್ರಕಟವಾಗಿತ್ತು. ಶೇ 30ರ ಗಡುವಿಗಿಂತ ಆ ಮಸೂದೆಗೇ ಹೆಚ್ಚು ಒತ್ತಾಯ ಬೇಕಾಗಿದೆ.